ತಿಕ್ಕಿ ಕೊಟ್ಟ ಗಿಣ್ಣದ ತಂಬಿಗೆ

ನಮ್ಮ ಮನೆಯಲ್ಲಿ ಚಹಾಪುಡಿ ತೀರಬಹುದು, ಅಪರೂಪಕ್ಕೊಮ್ಮೆ ಅವ್ವನ ಪೂಜೆಯ ವಿಭೂತಿಯೂ ತೀರಬಹುದು, ಕಸ್ಟರ್ಡ್ ಪುಡಿ ಮಾತ್ರ ತೀರುವುದಿಲ್ಲ. ಸೇಡಂ ಬಜಾರಿನಲ್ಲಿ ನಾವು ಸಾಮಾನು ತರುವ ಕಿರಾಣಿ ಅಂಗಡಿಯವರು ನನ್ನ ಕೈಯ ಚೀಟಿ ನೋಡುವ ಮೊದಲೇ ಒಂದು ಪೊಟ್ಟಣ ತೆಗೆದು ಮುಂದಿಡುತ್ತಾರೆ. “ಮಾಸ್ತರ, ಇದಂತೂ ನಿಮಗ ಬೇಕೇ ಬೇಕು” ಎನ್ನುತ್ತಾರೆ. ತೊಗರಿಬೇಳೆ, ಶೇಂಗಾ ಎಲ್ಲ ಆಮೇಲೆ. ತೊಗರಿಯ ನಾಡಿನಲ್ಲಿ ಹುಟ್ಟಿ ಕಸ್ಟರ್ಡ್ ಪುಡಿಯಿಂದ ಗುರುತಿಸಿಕೊಳ್ಳುವ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮೊನ್ನೆ ಕನ್ನಡಕ ಹುಡುಕುತ್ತ ಅಡುಗೆಮನೆಯ ಕಪಾಟಿಗೆ ಕೈ ಹಾಕಿದರೆ ಕನ್ನಡಕದ ಬದಲು ಇಂಥ ಮೂರು ಪೊಟ್ಟಣ ಸಿಕ್ಕವು. ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಈ ಪುಡಿ ನಮ್ಮ ಮನೆ ಹೊಕ್ಕದ್ದು ನಾನು ಮಾಡಿದ ಒಂದು ತಪ್ಪಿನಿಂದ. ಅದಕ್ಕೆ ಬೈಸಿಕೊಂಡವಳು ಮಾತ್ರ ನನ್ನ ಹೆಂಡತಿ.

ಹಾಗಂತ ಕಸ್ಟರ್ಡಿಗೆ ನಾನು ಬಯ್ಯಲು ಕುಳಿತಿಲ್ಲ. ಪಾಪ, ಅದು ಯಾರಿಗೂ ಏನೂ ಮಾಡಿಲ್ಲ. ತಣ್ಣನೆ ಹಾಲಿನಲ್ಲಿ ಪುಡಿ ಕಲಸಿ, ಕುದಿಯುವ ಹಾಲಿಗೆ ಸುರಿದು, ಸಕ್ಕರೆ ಹಾಕಿ ಕೈಯಾಡಿಸಿದರೆ ಮುಗಿಯಿತು. ಬಾಳೆಹಣ್ಣು, ದಾಳಿಂಬೆ ಕಾಳು ಬಿದ್ದರೆ ಬೀಗರ ಮುಂದೆಯೂ ಇಡಬಹುದು. ಇಷ್ಟು ಸರಳವಾದದ್ದನ್ನು ಒಮ್ಮೆ ನಾನೂ ಮಾಡಲು ಹೋಗಿ, ಪುಡಿಯನ್ನು ನೇರ ಕುದಿಯುವ ಹಾಲಿಗೇ ಸುರಿದಿದ್ದೆ. ಅವ್ವ ಬಟ್ಟಲಿನಿಂದ ಒಂದು ಗಂಟನ್ನು ಚಮಚದಲ್ಲಿ ಎತ್ತಿ ಹಿಡಿದು, “ಹಾಲಾಗ ಕಡಬು ಬಿಟ್ಟಿಯೇನೋ?” ಎಂದು ಕೇಳಿದ್ದಳು.

ಅವ್ವನಿಗೆ ಕಸ್ಟರ್ಡಿನ ಮೇಲೆ ಮೊದಲಿನಿಂದಲೂ ಒಂದು ಸಂಶಯ. ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಹೆಣ್ಣುಮಗಳು ಅವಳು. “ಅಷ್ಟ್ ಹಳದಿ ಎಲ್ಲಿಂದ ಬಂತು? ಒಳಗ ತತ್ತಿ ಒಡದು ಹಾಕ್ಯಾರ” ಎಂದು ಮೊದಲ ಸಲ ಬಟ್ಟಲನ್ನು ದೂರ ಸರಿಸಿದಳು. ನಾನು ಪೊಟ್ಟಣದ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಪುರಾಣ ಓದಿದ ಹಾಗೆ ಓದಿ ಹೇಳಿದೆ: ಮೆಕ್ಕೆಜೋಳದ ಹಿಟ್ಟು, ಬಣ್ಣ, ಪರಿಮಳ, ಅಷ್ಟೇ. ಅವ್ವ ಸ್ವಲ್ಪ ಯೋಚಿಸಿ, “ಹಂಗಂದ್ರ ಇದು ಗಂಜಿ. ಅಂಗಿ ತೊಟ್ಕೊಂಡು ಬಂದದ” ಎಂದಳು. ಆಮೇಲೆ ಆ ಗಂಜಿಯನ್ನು ಎರಡು ಬಟ್ಟಲು ತಿಂದಳೆಂಬುದನ್ನೂ ಹೇಳಿಬಿಡಬೇಕು.

ಆದರೆ ಗಿಣ್ಣದ ಮಾತೇ ಬೇರೆ. ಕಸ್ಟರ್ಡು ನಾವು ಕರೆದಾಗ ಬರುತ್ತದೆ. ಗಿಣ್ಣು ಎಮ್ಮೆ ಮನಸ್ಸು ಮಾಡಿದಾಗ ಬರುತ್ತದೆ. ಎಮ್ಮೆ ಈದ ಮೊದಲ ಮೂರು ದಿನದ ಹಾಲು ಮಾತ್ರ ಗಿಣ್ಣಾಗುತ್ತದೆ, ನಾಲ್ಕನೆಯ ದಿನ ಅದು ಬರೀ ಹಾಲು. ಅದನ್ನು ಕೊಳ್ಳುವ ಹಾಗೂ ಇಲ್ಲ. “ಗಿಣ್ಣದ ಹಾಲು ಹಂಚೋ ಹಾಲು, ಮಾರೋ ಹಾಲಲ್ಲ” ಎಂಬುದು ನಮ್ಮ ಕಡೆಯ ಹೆಂಗಸರ ಕಟ್ಟಳೆ. ಕರುವಿಗೆ ಬಿಟ್ಟು ಉಳಿದದ್ದು ಓಣಿಯ ನಾಲ್ಕು ಮನೆಗೆ ತಂಬಿಗೆಯಲ್ಲಿ ಹೋಗಬೇಕು.

ನಾನು ಹುಡುಗನಾಗಿದ್ದಾಗ ನಾವು ಕುರಕುಂಟಾದಲ್ಲಿದ್ದೆವು. ಅವ್ವ ಗಿಣ್ಣದ ಹಾಲಿಗೆ ಬೆಲ್ಲ ಕರಗಿಸಿ, ಸೋಸಿ, ಏಲಕ್ಕಿ ಕುಟ್ಟಿ ಹಾಕಿ, ಅಂಚಿದ್ದ ತಟ್ಟೆಗೆ ಹೊಯ್ದು ಹಬೆಯಲ್ಲಿ ಇಡುತ್ತಿದ್ದಳು. ನಾನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಚ್ಚಳವನ್ನೇ ನೋಡುತ್ತಿದ್ದೆ. ಕುದಿಯುವ ಸಪ್ಪಳ ಬದಲಾಗುವುದು ನನಗೆ ಅವ್ವನಿಗಿಂತ ಮೊದಲು ತಿಳಿಯುತ್ತಿತ್ತು. ಗಿಣ್ಣು ಆರಿದ ಮೇಲೆ ಅವಳು ಶಂಕರಪೋಳಿಯ ಹಾಗೆ ಓರೆ ಓರೆಯಾಗಿ ಕೊಯ್ಯುತ್ತಿದ್ದಳು. ಓರೆಯಾಗಿ ಕೊಯ್ದಾಗ ತಟ್ಟೆಯ ಅಂಚಿನಲ್ಲಿ ಮುರುಕು ತುಂಡುಗಳು ಉಳಿಯುತ್ತವಲ್ಲ, ಅವು ನನಗೆ. ಅವು ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ, ಅವನ್ನೆಲ್ಲ ತಿಂದ ಮೇಲೂ “ನನಗ ಇನ್ನಾ ಕೊಟ್ಟೇ ಇಲ್ಲ” ಎಂದು ಅಳಲು ಅನುಕೂಲವಾಗುತ್ತಿತ್ತು. ಒಂದು ಸಲ ಹೀಗೆ ತಿಂದು ತಿಂದು ಏಳಲಾರದೆ ಸಾಲೆಗೆ ಹೋಗಲಿಲ್ಲ. ಮರುದಿನ ಜ್ವರ ಬಂದಿತ್ತೆಂದು ಹೇಳಿದೆ. ಮಾಸ್ತರು ನನ್ನನ್ನು ಹತ್ತಿರ ಕರೆದು ಹಣೆ ಮುಟ್ಟಿ, ಮೂಗರಳಿಸಿ, “ಜ್ವರಕ್ಕ ಯಾಲಕ್ಕಿ ವಾಸನಿ ಇರ್ತದೇನೋ?” ಎಂದರು. ಮುಂದೆ ನಾನೂ ಮಾಸ್ತರನೇ ಆದೆ, ಆದರೆ ಅಂಥ ಮೂಗು ನನಗೆ ಬರಲಿಲ್ಲ.

ನಿಜವಾದ ಜ್ವರಕ್ಕೆ ಬೇರೆ ಮರ್ಯಾದೆ ಇತ್ತು. ಜ್ವರ ಬಿಟ್ಟ ದಿನ ಅವ್ವ ಸಜ್ಜಕ ಮಾಡುತ್ತಿದ್ದಳು. ರವೆಯನ್ನು ತುಪ್ಪದಲ್ಲಿ ಹುರಿದು, ಬೆಲ್ಲದ ನೀರು ಹಾಕಿ, ಗಂಟಲಿಗೆ ತಾನೇ ಜಾರುವಷ್ಟು ಮೆತ್ತಗೆ ಬೇಯಿಸಿ, ಮೇಲೆ ಬಿಸಿ ಹಾಲು ಹೊಯ್ಯುತ್ತಿದ್ದಳು. ತಿನ್ನುವಾಗ ಅವಳ ಕೈ ನಮ್ಮ ಬೆನ್ನ ಮೇಲೆ ಇರುತ್ತಿತ್ತು. ಇಂದಿಗೂ ನನಗೆ ಸಜ್ಜಕ ಕಂಡರೆ ಬೆನ್ನು ಬೆಚ್ಚಗಾಗುತ್ತದೆ. ಯಾವ ಪೊಟ್ಟಣದ ಬೆನ್ನಿನ ಮೇಲೂ ಇದನ್ನು ಬರೆದಿರುವುದಿಲ್ಲ ನೋಡಿ.

ಇರಲಿ, ತಪ್ಪಿನ ಕಥೆಗೆ ಬರುತ್ತೇನೆ. ನಾನು ಹೀಗೆ ಸಜ್ಜಕ, ಸಾಲೆ ಎಂದು ಸುತ್ತು ಹೊಡೆಯುತ್ತಿರುವುದು ಅದನ್ನು ಹೇಳಲು ನಾಚಿಕೆಯಾಗಿ ಎಂದು ನಿಮಗೆ ಇಷ್ಟೊತ್ತಿಗೆ ತಿಳಿದಿರಬೇಕು.

ತಿನಿಸು ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಾನು ಕೆಲಸ ಮಾಡುವುದು ಚಿತ್ತಾಪುರದ ಹೈಸ್ಕೂಲಿನಲ್ಲಿ. ಸೇಡಂನಿಂದ ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ವಾಡಿಯಿಂದ ಬರುವ ನಮ್ಮ ಉರ್ದು ಮಾಸ್ತರರು ರಂಜಾನಿಗೆ ಶೀರ್ ಖುರ್ಮಾದ ಡಬ್ಬಿ ತಂದರೆ, ಆ ಡಬ್ಬಿ ವಾಡಿಗೆ ಶೇಂಗಾ ಹೋಳಿಗೆ ತುಂಬಿಕೊಂಡೇ ಹಿಂತಿರುಗುತ್ತದೆ. ಇದು ನನಗೂ ಗೊತ್ತು. ಆದರೆ ಗಿಣ್ಣದ ಹಾಲು ಬಂದ ಪಾತ್ರೆಗೆ ಇನ್ನೂ ಒಂದು ನಿಯಮವಿದೆ: ಅದನ್ನು ತೊಳೆಯಲೂಬಾರದು. ಹಾಲಿನ ಪಸೆ ಇರುವಾಗಲೇ ಒಂದು ಹಿಡಿ ಜೋಳವನ್ನೋ ಒಂದು ಚೂರು ಬೆಲ್ಲವನ್ನೋ ಹಾಕಿ ಹಿಂದಕ್ಕೆ ಕೊಡಬೇಕು. ತೊಳೆದು ಕೊಟ್ಟರೆ ಎಮ್ಮೆಯ ಹಾಲು ಬತ್ತುತ್ತದೆಂದು ನಂಬಿಕೆ. ಕುರಕುಂಟಾದಲ್ಲಿ ಅಷ್ಟು ಗಿಣ್ಣು ತಿಂದವನಿಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗಿಣ್ಣು ಅಡುಗೆಮನೆಯಿಂದ ಹೊರಗೆ ಬಂದ ಮೇಲಿನ ಸಂಗತಿಗಳಷ್ಟೇ ನನಗೆ ಗೊತ್ತಿದ್ದವು.

ಹದಿನಾರು ವರ್ಷದ ಹಿಂದಿನ ಮಾತು. ಸುಲೇಪೇಟೆಯ ಶಶಿಕಲಾ ನನ್ನ ಹೆಂಡತಿಯಾಗಿ ಬಂದು ಆರು ತಿಂಗಳಾಗಿತ್ತು. ಗೋಡೆಯಾಚೆಯ ಮನೆ ನಾಗಮ್ಮ ಕಾಕುವಿನದು. ಅವರ ಹಿತ್ತಿಲಲ್ಲಿ ಆಗಲೂ ಈಗಲೂ ಎರಡು ಎಮ್ಮೆ. ಒಂದು ಸಂಜೆ ಕಾಕು ಹಿತ್ತಾಳೆಯ ತಂಬಿಗೆಯಲ್ಲಿ ಗಿಣ್ಣದ ಹಾಲು ತಂದುಕೊಟ್ಟರು. ಅವ್ವ ಊರಲ್ಲಿರಲಿಲ್ಲ. ಶಶಿಕಲಾ ಅಂದೇ ಗಿಣ್ಣು ಮಾಡಿದಳು. ಎಂಥ ಗಿಣ್ಣು! ಬೆರಳಿಟ್ಟರೆ ನಡುಗುತ್ತಿತ್ತು, ಒಡೆಯುತ್ತಿರಲಿಲ್ಲ. ನಾನು ಮುಕ್ಕಾಲು ತಟ್ಟೆ ಮುಗಿಸಿದೆ. ಬೆಳಗಾಗುವಷ್ಟರಲ್ಲಿ ಅವಳಿಗೆ ಜ್ವರ ಬಂದು ಕೌದಿ ಹೊದ್ದು ಮಲಗಿದಳು.

ಬಚ್ಚಲಲ್ಲಿ ಆ ತಂಬಿಗೆ ಇತ್ತು. ಹೊಸ ಹೆಂಡತಿ, ಅವಳಿಗೆ ಜ್ವರ, ಮನೆಯಲ್ಲಿ ಬೇರೆ ಯಾರೂ ಇಲ್ಲ. ನನ್ನೊಳಗಿನ ಒಳ್ಳೆಯ ಗಂಡ ಎದ್ದು ನಿಂತ. ಹುಣಸೆಹಣ್ಣು, ಬೂದಿ ತೆಗೆದುಕೊಂಡು ತಂಬಿಗೆಯನ್ನು ತಿಕ್ಕಿದೆ, ತಿಕ್ಕಿದೆ, ಬಂಗಾರದ ಹಾಗೆ ಮಾಡಿದೆ. ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಹೊಡೆದ ಅಕ್ಷರಗಳಿದ್ದವು, ತುಂಬ ಮಸಿ ಹಿಡಿದಿತ್ತು. ಅಕ್ಷರ ಕಂಡರೆ ಬಿಡುವ ಜಾತಿಯವನಲ್ಲ ನಾನು. ಸೂಜಿಯಿಂದ ಒಂದೊಂದೇ ಚುಕ್ಕಿ ಬಿಡಿಸಿ ಓದಿದೆ. ನನ್ನ ಜನ್ಮದಲ್ಲಿ ನಾನು ತೊಳೆದ ಮೊದಲ ಪಾತ್ರೆ ಅದು. ಗೋಡೆಯ ಮೇಲಿಟ್ಟು, “ಕಾಕು, ನಿಮ್ಮ ತಂಬಗಿ!” ಎಂದು ಕೂಗಿ, ಎದೆಯುಬ್ಬಿಸಿಕೊಂಡು ರೈಲಿಗೆ ಓಡಿದೆ.

ಮೂರನೆಯ ದಿನ ಎಮ್ಮೆ ಒದ್ದು ಬಕೆಟ್ ಉರುಳಿಸಿತು. ಹಾಲು ಇಳಿಸಲಿಲ್ಲ. ತಿನ್ನಬಾರದ ಹಳಸಲು ಏನೋ ತಿಂದಿದೆ ಎಂದು ಡಾಕ್ಟರು ಔಷಧ ಕೊಟ್ಟರು, ಹದಿನೈದು ದಿನದಲ್ಲಿ ಅದು ಮೊದಲಿನಂತಾಯಿತು. ಆದರೆ ಅಷ್ಟರೊಳಗೆ ಕಾಕು ನಮ್ಮ ಬಾಗಿಲಿಗೆ ಬಂದಾಗಿತ್ತು. ಅವ್ವ ಊರಿಂದ ಮರಳಿ ಬಂದು ಪಡಸಾಲೆಯಲ್ಲಿ ಕೂತಿದ್ದಳು.

“ಯಕ್ಕಾ, ನಿನ್ನ ಸೊಸಿ ಭಾಳ ಸ್ವಚ್ಛ ಅದಾಳ ನೋಡು. ಗಿಣ್ಣದ ತಂಬಗಿ ಹುಣಸಿಹಣ್ಣು ಹಚ್ಚಿ ತಿಕ್ಕಿ ಕಳಸ್ಯಾಳ. ಅದೂ ಖಾಲಿ! ಒಂದ್ ಕಾಳು ಜ್ವಾಳ ಸುದ್ದಾ ಹಾಕಿಲ್ಲ.”

ಅವ್ವನ ಮುಖ ಸಣ್ಣದಾಯಿತು. “ಸುಲೇಪೇಟ್ಯಾಗ ಇಷ್ಟೂ ಕಲ್ಸಿಲ್ಲೇನವಾ ನಿನಗ?” ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಶಿಕಲಾ ನನ್ನ ಕಡೆ ನೋಡಿದಳು. ಜ್ವರದಿಂದೆದ್ದ ಮುಖ. ನನ್ನ ಕೈಯಲ್ಲಿ ಪೇಪರಿತ್ತು. ಅದನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದುಕೊಂಡೆ. ಆ ದಿನದ ಪೇಪರಿನಲ್ಲಿ ಏನಿತ್ತೆಂದು ಕೇಳಿದರೆ ಒಂದಕ್ಷರ ಹೇಳಲಾರೆ. ಅದರಾಚೆಯಿಂದ ಅವಳ ದನಿ ಕೇಳಿತು: “ತಪ್ಪಾಯ್ತ್ರಿ ಅತ್ತಿ. ಇನ್ನೊಮ್ಮಿ ಆಗಂಗಿಲ್ಲ.”

ಸಂಜೆ ಹೇಳೋಣವೆಂದುಕೊಂಡೆ. ಸಂಜೆ ಅವ್ವನ ಸಿಟ್ಟು ಇಳಿದಿತ್ತು, ಮತ್ತೆ ಯಾಕೆ ಕೆದಕಬೇಕು ಎನಿಸಿತು. ನಾಳೆ ಎಂದೆ. ವಾರ ಕಳೆದ ಮೇಲೆ, ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಹೊಸ ಪ್ರಶ್ನೆ ಹುಟ್ಟಿಕೊಂಡಿತು. ಹುಡುಗರಿಗೆ ದಿನಾ ಸತ್ಯದ ಪಾಠ ಹೇಳುವ ನಾನು, ಒಂದು ತಂಬಿಗೆಯ ವಿಷಯದಲ್ಲಿ ಹದಿನಾರು ವರ್ಷ ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ನಾಗಮ್ಮ ಕಾಕು ಕೆಟ್ಟವರೇನಲ್ಲ. ಉಪ್ಪಿನಕಾಯಿ ಕೊಟ್ಟರು, ಶ್ಯಾವಿಗೆ ಹೊಸೆಯಲು ಶಶಿಕಲಾಳನ್ನೇ ಕರೆದರು, ಅವಳ ಬಾಣಂತನದಲ್ಲಿ ರಾತ್ರಿ ಹಗಲು ನಿಂತರು. ಆದರೆ ಗಿಣ್ಣದ ಹಸಿ ಹಾಲನ್ನು ಮಾತ್ರ ಅವಳ ಕೈಗೆ ಮತ್ತೆ ಕೊಡಲಿಲ್ಲ. ಎಮ್ಮೆ ಈದಾಗಲೆಲ್ಲ ತಾವೇ ಗಿಣ್ಣು ಬೇಯಿಸಿ ತಟ್ಟೆಯಲ್ಲಿ ಕಳಿಸುತ್ತಿದ್ದರು. ಪ್ರೀತಿಯಿಂದ ಕಳಿಸಿದ್ದಕ್ಕೆ ಹೆಸರಿಡಬಾರದು, ಆದರೂ ಆ ಗಿಣ್ಣನ್ನು ಜೋಡಿಸಿದರೆ ಅಂಗಳಕ್ಕೆ ಶಹಾಬಾದಿನ ಫರ್ಸಿ ಕಲ್ಲು ತರುವ ಖರ್ಚು ಉಳಿಯುತ್ತಿತ್ತು.

ಇತ್ತ ಶಶಿಕಲಾ, ತಿಳಿದವರು ಹೇಳುವ ಪ್ರಕಾರ, ಸುಲೇಪೇಟೆಯಲ್ಲಿ ಗಿಣ್ಣಕ್ಕೇ ಹೆಸರಾದವಳು. ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು, ಅದು ನಿಲ್ಲುವುದನ್ನು ನೋಡಿ ಎಷ್ಟು ಸಾದಾ ಹಾಲು ಬೆರೆಸಬೇಕೆಂದು ಹೇಳುತ್ತಿದ್ದಳಂತೆ. ಹತ್ತು ಮನೆಯವರು ಕರೆಯುತ್ತಿದ್ದರಂತೆ. ಅಂಥವಳು ಮುಂದಿನ ಸಲ ಕಾಕುವಿನ ಎಮ್ಮೆ ಈದ ದಿನವೇ ಅಂಗಡಿಯಿಂದ ಕಸ್ಟರ್ಡ್ ಪುಡಿ ತರಿಸಿದಳು. “ಹಾಲು ಕೊಡವಲ್ರು. ಅಂಗಡ್ಯಾಗ ಪುಡಿಯರ ಕೊಡ್ತಾರಲ್ಲ” ಎಂದಳು. ಅವಳ ಕೈಗುಣಕ್ಕೆ ಅದೂ ರುಚಿಯಾಯಿತು. ಓಣಿಯಲ್ಲಿ ಯಾರ ಮನೆಯಲ್ಲಿ ಉಡಿ ತುಂಬುವುದಿದ್ದರೂ ಶಶಿಕಲಾಳ ಕಸ್ಟರ್ಡು ಬೇಕು. ಎಲ್ಲರೂ ಹೊಗಳುತ್ತಿದ್ದರು, ಅವಳು ನಗುತ್ತಿದ್ದಳು. ಅವಳು ತಾನು ಮಾತ್ರ ಅದನ್ನು ತಿನ್ನುವುದಿಲ್ಲ ಎಂಬುದು ನನ್ನ ಗಮನಕ್ಕೆ ಬರಲು ಐದಾರು ವರ್ಷ ಬೇಕಾಯಿತು.

ಈ ವರ್ಷ ಕಾಕು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಅದೇ ವಾರ ಎಮ್ಮೆ ಈಯಿತು. ನಮ್ಮ ಅವ್ವ ಕಲಬುರಗಿಗೆ ಹೋಗಿ ಉಳಿದ ಹಲ್ಲನ್ನೆಲ್ಲ ಕೀಳಿಸಿಕೊಂಡು ಬಂದು, ಮೆತ್ತನೆಯದು ಏನಿದೆ ಎಂದು ದಿನಾ ಕೇಳುತ್ತಿದ್ದಳು. ಆ ರವಿವಾರ ಮುಂಜಾನೆ ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ಕಾಕು ಎಡಗೈಯಲ್ಲಿ ಅದೇ ಹಿತ್ತಾಳೆಯ ತಂಬಿಗೆ ಹಿಡಿದು ಒಳಗೆ ಬಂದರು.

“ಅಕ್ಕ ಎಲ್ಲಿ?”

“ಮಠಕ್ಕ ಹೋಗ್ಯಾರ್ರಿ” ಎನ್ನುತ್ತ ಶಶಿಕಲಾ ಒಳಗಿನಿಂದ ಬಂದಳು. ಹಾಲು ನೋಡಿ ಅವಳ ಮುಖ ಅರಳಿತು. “ತರ್ರಿ ಅತ್ತಿ, ನಾ ಇಟ್ಕೋತೀನಿ” ಎಂದು ಎರಡೂ ಕೈ ಚಾಚಿದಳು.

ಕಾಕು ತಂಬಿಗೆಯನ್ನು ತಮ್ಮ ಎದೆಗೆ ಸರಿಸಿಕೊಂಡರು. “ಇರ್ಲಿ ತಾಯಿ. ಅಕ್ಕ ಬರ್ಲಿ, ಆಕಿ ಕೈಯಾಗೇ ಕೊಡ್ತೀನಿ.”

ಚಾಚಿದ ಕೈ ಹಿಂದಕ್ಕೆ ಹೋದವು. ಒದ್ದೆಯೇ ಆಗಿರದ ಕೈಗಳನ್ನು ಅವಳು ಸೆರಗಿಗೆ ಒರೆಸಿಕೊಂಡು, “ಕುಂದ್ರಿ ಅತ್ತಿ, ಚಹಾ ಮಾಡ್ತೀನಿ” ಎಂದು ಒಳಗೆ ಹೋದಳು. ಹದಿನಾರು ವರ್ಷದಲ್ಲಿ ಇದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ. ಪೇಪರ್ ಕೆಳಗಿಟ್ಟೆ.

“ಕಾಕು, ಆಗ ಆ ತಂಬಗಿ ಅಕಿ ತಿಕ್ಕಿದ್ದಿಲ್ಲ. ಅಕಿ ಜ್ವರ ಬಂದು ಮಲಗಿದ್ಳು. ನಾ ತಿಕ್ಕಿದ್ದೆ.”

ಕಾಕು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಗಲು ಶುರುಮಾಡಿದರು. ಅಷ್ಟರಲ್ಲಿ ಅವ್ವ ಮಠದಿಂದ ಬಂದಳು. ವಿಷಯ ಕೇಳಿ, ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ಅವಳೂ ನಕ್ಕಳು.

“ಇಂವಾ? ತಾ ಉಂಡ ಗಂಗಾಳ ಎತ್ತಿಟ್ಟಾಂವಲ್ಲ ಇಂವಾ. ಹೆಂಡ್ತಿ ಮ್ಯಾಲಿನ ಮಾತು ತನ್ನ ಮ್ಯಾಲ ತಗೋಳಾಕತ್ತಾನ, ಅಷ್ಟೇ. ಶಶಿಕಲಾ, ಎಂಥಾ ಗಂಡ ಸಿಕ್ಕಾನ ನೋಡವಾ ನಿನಗ!”

“ಖರೇ ಯಕ್ಕಾ, ಇಂಥಾ ಗಂಡಸರು ಎಲ್ಲಿ ಸಿಗ್ತಾರ ಈಗ” ಎಂದರು ಕಾಕು.

ತಪ್ಪೊಪ್ಪಿಕೊಂಡರೆ ಬೈಗುಳ ತಿನ್ನಬೇಕಾದೀತೆಂದು ಹದಿನಾರು ವರ್ಷ ಹೆದರಿದ್ದೆ; ಸಿಕ್ಕಿದ್ದು ಹೊಗಳಿಕೆ. ಒಳಗೆ ಚಹಾದ ಪಾತ್ರೆಯನ್ನು ಶಶಿಕಲಾ ಕೆಳಗಿಟ್ಟ ಸಪ್ಪಳ ಸ್ವಲ್ಪ ಜೋರಾಗಿಯೇ ಕೇಳಿತು. ನಾನು ಆಣೆ ಮಾಡಿದೆ. ಯಾರೂ ನಂಬಲಿಲ್ಲ. ಹುಣಸೆಹಣ್ಣು ಯಾವ ಗಡಿಗೆಯಲ್ಲಿತ್ತೆಂದು ಹೇಳಿದೆ. “ಅದು ಬೆಕ್ಕಿಗೂ ಗೊತ್ತು” ಎಂದಳು ಅವ್ವ. ಕೊನೆಗೆ ನೆನಪಾಯಿತು.

“ಕಾಕು, ಅದರ ಕಂಠದ ಮ್ಯಾಲ ಚುಕ್ಕಿ ಚುಕ್ಕಿ ಅಕ್ಷರ ಅದಾವ. ಅದರಾಗಿನ ಮಸಿ ನಾ ಸೂಜೀಲೆ ತಗದು ಓದಿದ್ದೆ. ಶರಣಮ್ಮ, ಚಿಂಚೋಳಿ ಅಂತ ಅದ.”

ಕಾಕುವಿನ ನಗು ನಿಂತಿತು. ಶರಣಮ್ಮ ಅವರ ತಾಯಿ. ಓದಲು ಬಾರದ ಕಾಕು ತಂಬಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಕಂಠದ ಮೇಲೆ ಹೆಬ್ಬೆರಳಾಡಿಸಿದರು.

“ಹೌದು ಯಕ್ಕಾ. ಆವತ್ತ ಇವು ಎದ್ದು ಕಾಣ್ಲಿಕತ್ತಿದ್ವು. ನಮ್ಮವ್ವನ ಹೆಸರು ಅದ ಅಂತ ನನ್ನ ಮಗ ಓದಿ ಹೇಳ್ದ. ಸಿಟ್ಟಿನ್ಯಾಗೂ ನನಗ ಜರಾ ಖುಷಿ ಆಗಿತ್ತು.” ಆಮೇಲೆ ನನ್ನತ್ತ ತಿರುಗಿದರು. “ಸೂಜಿ ಹಿಡದು ಅಕ್ಷರ ತೊಳಿಯೋದು ಹೆಣ್ಮಕ್ಕಳ ಕೆಲಸಲ್ಲ. ಇದು ಮಾಸ್ತರನ ಕೆಲಸೇ ಖರೆ.”

ಅವ್ವ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಬೈಗುಳ ಬಂತು, ಹದಿನಾರು ವರ್ಷದ ಬಾಕಿ ಸೇರಿಸಿಯೇ ಬಂತು. ಹಲ್ಲಿಲ್ಲದಿದ್ದರೂ ಒಂದು ಮಾತೂ ತೊದಲಲಿಲ್ಲ.

ಕಾಕು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. “ಶಶಿಕಲಾ, ಚಹಾ ಇರ್ಲಿ. ಬಾರವ್ವಾ, ಕೈ ಹಿಡಿ.” ತಂಬಿಗೆಯನ್ನು ಅವಳ ಎರಡೂ ಕೈಯೊಳಗಿಟ್ಟು, ತಮ್ಮ ಎಡಗೈಯನ್ನು ಅದರ ಮೇಲೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡರು. “ಎಮ್ಮಿ ಸಲುವಾಗಿ ಅಂಜಿ ಕೊಟ್ಟಿದ್ದಿಲ್ಲ. ಮನಸಿನ್ಯಾಗ ಇಟ್ಕೋಬ್ಯಾಡ, ನನ್ನವ್ವ.”

ಶಶಿಕಲಾ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡಿದಳು. “ಭಾಳ ಗಟ್ಟಿ ಅದ್ರಿ ಅತ್ತಿ, ಎರಡು ಪಾಲು ಹಾಲು ಹಿಡೀತದ” ಎಂದಳು, ಅಷ್ಟೇ. ಬೆಲ್ಲ ಕರಗಿತು, ಏಲಕ್ಕಿ ಬಿತ್ತು, ಜಾಜಿಕಾಯಿ ಒಂದಿಷ್ಟು ಉಜ್ಜಿದಳು. ಮುಚ್ಚಳದ ಸುತ್ತ ಹಬೆ ಬರತೊಡಗಿದಾಗ ನಾವು ಮೂವರೂ ಒಂದೊಂದು ನೆಪ ಮಾಡಿಕೊಂಡು ಅಡುಗೆಮನೆಯಲ್ಲೇ ಸುಳಿದಾಡಿದೆವು.

ಅವ್ವನಿಗೆ ಹಲ್ಲಿನ ಅಗತ್ಯವೇ ಬೀಳಲಿಲ್ಲ. ಮೂರು ಸಲ ತಟ್ಟೆ ಮುಂದೆ ಮಾಡಿದಳು. ಕಾಕು ಎಡಗೈಯಲ್ಲಿ ಚಮಚ ಹಿಡಿದು ತಿಂದು, “ಇಷ್ಟ್ ವರ್ಷ ನಾ ನಿಮಗ ಏನು ತಿನಿಸಿದೆನೋ ಏನೋ” ಎಂದರು. ನಾವು ಯಾರೂ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ. ಶಶಿಕಲಾ ಗೋಡೆಗೆ ಒರಗಿ, ಕಾಲು ಚಾಚಿ ಕೂತು, ತನ್ನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ತಿಂದಳು. ಅವಳು ಹಾಗೆ ಕೂತು ತಿಂದದ್ದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ತಂಬಿಗೆಯಲ್ಲಿ ಒಂದು ಹಿಡಿ ಜೋಳ, ಒಂದು ಚೂರು ಬೆಲ್ಲ ಹಾಕಿ, ತೊಳೆಯದೆ, ತಾನೇ ಹೋಗಿ ಕಾಕುವಿನ ಮನೆಗೆ ಕೊಟ್ಟು ಬಂದಳು.

ಅವಳು ಬಂದು ತಟ್ಟೆಗಳನ್ನು ಬಳಿಯುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ: “ಆವತ್ತು ನೀ ಯಾಕ ಹೇಳ್ಲಿಲ್ಲ, ತಿಕ್ಕಿದ್ದು ನೀ ಅಲ್ಲ ಅಂತ?”

“ಮದಿವ್ಯಾಗಿ ಆರ್ ತಿಂಗಳಾಗಿತ್ತು. ನನಗ ಜ್ವರ ಬಂದದ ಅಂತ ನೀವು ಭಾಂಡಿ ತಿಕ್ಕಿದ್ರಿ. ನಮ್ಮಪ್ಪ, ನಮ್ಮಣ್ಣ ಯಾರೂ ಹಂಗ ಮಾಡಿದ್ದು ನಾ ನೋಡಿದ್ದೇ ಇಲ್ಲ. ಮೊದಲನೇ ಸಲಕ್ಕೇ ನಿಮ್ಮನ್ನ ಬೈಸಿದ್ರ, ಇವ್ರು ಇನ್ಮ್ಯಾಲ ಒಂದ್ ಲೋಟಾನೂ ಮುಟ್ಟಂಗಿಲ್ಲ ಅಂತ ಅಂಜಿದೆ. ನಾನೇ ಬೈಸ್ಕೊಂಡೆ.”

ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, ಸಿಟ್ಟಿಲ್ಲದೆ, ನಗುತ್ತಲೇ ಹೇಳಿದಳು:

“ಆದ್ರ ನೀವು ಎರಡನೇದ್ದು ತಿಕ್ಕಲೇ ಇಲ್ಲ.”

ನಾನು ಲುಂಗಿ ಎತ್ತಿ ಕಟ್ಟಿಕೊಂಡು ಬಚ್ಚಲಿನ ಕಲ್ಲಿನ ಮೇಲೆ ಕುಳಿತೆ. ಗಿಣ್ಣು ಬೇಯಿಸಿದ ತಟ್ಟೆಗೆ ಬೆಲ್ಲ ಹತ್ತಿತ್ತು, ಬಿಡಿಸಲು ಬಹಳ ಹೊತ್ತು ಹಿಡಿಯಿತು. ಶಶಿಕಲಾ ಬಾಗಿಲಲ್ಲಿ ನಿಂತು ತಿಕ್ಕಿದ್ದನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಎರಡನ್ನು ಹಿಂದಕ್ಕೆ ಕೊಟ್ಟಳು.